ಬಂದೂಕಿನ ಪರವಾನಗಿ ಮತ್ತು ಮನಃಸ್ವಾಸ್ಥ್ಯ

ಠಾಣೆ, ಕಲ್ಯಾಣ, ಡೊಂಬಿವಲಿಗಳ ನಿವಾಸಿಗಳು ಬಂದೂಕಿನ ಪರವಾನಗಿಯನ್ನು ಠಾಣೆಯ ಪೊಲೀಸ್ ಕಮಿಷನರರಿಂದಲೂ, ನವಿ ಮುಂಬಯಿಯವರು ತಮ್ಮ ಕಮಿಷನರರಿಂದಲೂ ಪಡೆಯತಕ್ಕದ್ದು. ಅರ್ಜಿದಾರನು ಅಸ್ವಸ್ಥಚಿತ್ತನೆಂದು ನಂಬಲು ಕಾರಣವಿದ್ದರೆ ಪರವಾನಗಿಯನ್ನು ನಿರಾಕರಿಸಬೇಕೆಂದು 1959ರ ಆಯುಧ ಕಾಯಿದೆಯ 14ನೆಯ ಕಲಮು ವಿಧಿಸುತ್ತದೆ. 2016ರ ನಿಯಮಗಳು ಇದಕ್ಕೆ ವೈದ್ಯರ ಪ್ರಮಾಣಪತ್ರವನ್ನು ಸೇರಿಸಿದವು.

ಆದರೆ ಪ್ರಮಾಣಪತ್ರವು ಒಂದು ದಿನದ ಸಾಕ್ಷ್ಯ ಮಾತ್ರ. ಪರವಾನಗಿಯ ಅವಧಿಯಾದರೋ 2019ರ ತಿದ್ದುಪಡಿಯಿಂದ ಮೂರು ವರ್ಷಗಳಿಂದ ಐದಕ್ಕೇರಿತು. ನಡುವೆ ಚಿತ್ತ ಕೆಟ್ಟರೆ 17ನೆಯ ಕಲಮಿನಂತೆ ಅದನ್ನು ರದ್ದುಗೊಳಿಸಬಹುದು, ತಿಳಿಸುವವರಾರು? 2017ರ ಮಾನಸಿಕ ಆರೋಗ್ಯ ಕಾಯಿದೆಯು ಚಿಕಿತ್ಸೆಯ ವಿಷಯವನ್ನು ಗೋಪ್ಯವಾಗಿರಿಸಿ, ಅನ್ಯರಿಗೆ ಅಪಾಯ ತಪ್ಪಿಸಲು ಅಗತ್ಯವಾದಷ್ಟನ್ನು ಹೇಳಗೊಡುತ್ತದೆ. ಈ ಗೋಪ್ಯತೆ ಉಚಿತವೇ. ಅದಿಲ್ಲದಿದ್ದರೆ ರೋಗಿಯು ವೈದ್ಯನ ಬಳಿಗೇ ಹೋಗಲಾರ. ಆದುದರಿಂದ ಮೊದಲ ಸೂಚನೆ ಮನೆಯವರಿಂದಲೇ ಬರಬೇಕಾಗುತ್ತದೆ. ಲೋಕಾಪವಾದಕ್ಕೆ ಅಂಜಿ ಅವರು ಮೌನವಾಗಿದ್ದರೆ, ದಫ್ತರವು ಅವನನ್ನು ಸ್ವಸ್ಥನೆಂದೇ ಸಾರುತ್ತಿರುತ್ತದೆ.