ಬೂಷ್ಟಿನೊಳಗಿನ ಮದ್ದು

ಉಪ್ಪಿನಕಾಯಿಯ ಭರಣಿಗೆ ಒದ್ದೆ ಸೌಟು ತಗಲಿದರೆ ಕೆಲವೇ ದಿನಗಳಲ್ಲಿ ಅದರ ಮೇಲೆ ಬೂಷ್ಟು ಕಟ್ಟುತ್ತದೆ. ಬೆಂಗಳೂರಿನ ವಸಂತಪುರದ ಗೃಹಿಣಿಯಾಗಲಿ, ಹಳ್ಳಿಯ ಅಜ್ಜಿಯಾಗಲಿ, ಅದನ್ನು ಕಂಡೊಡನೆ ಎಸೆದುಬಿಡುತ್ತಾರೆ. ಅದು ಸರಿಯಾದ ವಾಡಿಕೆಯೇ. ಕೆಲವು ಬೂಷ್ಟುಗಳು ವಿಷವನ್ನು ಹುಟ್ಟಿಸುತ್ತವೆ. ಆದರೆ ಇದೇ ಬೆಂಗಳೂರಿನಲ್ಲಿ ಬೂಷ್ಟನ್ನು ಜೋಪಾನವಾಗಿ ಬೆಳೆಸಿ, ಅದರಿಂದ ಹೃದಯವನ್ನು ಕಾಯುವ ಮದ್ದನ್ನು ಪಡೆದವರೂ ಉಂಟು.

ಕೊಲೆಸ್ಟರಾಲ್ ಎಂಬುದು ಮೇಣದಂತಹ ಒಂದು ವಸ್ತು. ಜೀವಕೋಶಗಳ ಪೊರೆಗೆ ಅದು ಅವಶ್ಯಕ. ಅದರ ಬಹುಭಾಗವನ್ನು ನಮ್ಮ ದೇಹವೇ ತಯಾರಿಸಿಕೊಳ್ಳುತ್ತದೆ. ಈ ಕಾರ್ಯದಲ್ಲಿ ಯಕೃತ್ತಿನ ಪಾತ್ರ ಹಿರಿದು. ರಕ್ತದಲ್ಲಿ ಅದು ಮಿತಿಮೀರಿದಾಗ ರಕ್ತನಾಳಗಳ ಒಳಗೋಡೆಯಲ್ಲಿ ಸೇರಿಕೊಂಡು ದಾರಿಯನ್ನು ಇಕ್ಕಟ್ಟಾಗಿಸುತ್ತದೆ. ಹೃದಯಾಘಾತಕ್ಕೆ ಇದು ಮುಖ್ಯ ಕಾರಣಗಳಲ್ಲೊಂದು.

ಇದಕ್ಕೆ ಮದ್ದನ್ನು ಶಿಲೀಂಧ್ರಗಳಲ್ಲಿ ಹುಡುಕಬೇಕೆಂದು ಬಗೆದವರು ಜಪಾನಿನ ವಿಜ್ಞಾನಿ ಅಕಿರ ಎಂಡೊ. ತನ್ನ ಆಹಾರಕ್ಕೆ ಪೈಪೋಟಿ ನಡೆಸುವ ಸೂಕ್ಷ್ಮಜೀವಿಗಳನ್ನು ತಡೆಯಲು ಶಿಲೀಂಧ್ರವು ಕೊಲೆಸ್ಟರಾಲಿನಂತಹ ವಸ್ತುಗಳ ತಯಾರಿಕೆಯನ್ನೇ ನಿಲ್ಲಿಸುವ ರಾಸಾಯನಿಕವನ್ನು ಸೃಜಿಸಬಹುದೆಂಬುದು ಅವರ ಊಹೆ. 1971ರಲ್ಲಿ ಆರಂಭಿಸಿ ಸುಮಾರು 6,000 ಬಗೆಯ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದರು. ಕಡೆಗೆ 1973ರಲ್ಲಿ, ಅಕ್ಕಿಯ ಮೇಲೆ ಬೆಳೆದಿದ್ದ ಒಂದು ಪೆನಿಸಿಲಿಯಂ ಬೂಷ್ಟಿನಲ್ಲಿ ಅಂತಹ ವಸ್ತು ದೊರೆಯಿತು. ಮುಂದೆ ಆಸ್ಪರ್‌ಜಿಲಸ್ ಟೆರಿಯಸ್ ಎಂಬ ಮತ್ತೊಂದು ಬೂಷ್ಟಿನಿಂದ ಅಮೆರಿಕದ ವಿಜ್ಞಾನಿಗಳು ಪಡೆದ ಲೊವಾಸ್ಟಾಟಿನ್ 1987ರಲ್ಲಿ ಅಲ್ಲಿ ಔಷಧವಾಗಿ ಮಾನ್ಯವಾಯಿತು. ಕೊಲೆಸ್ಟರಾಲ್ ತಯಾರಿಕೆಗೆ ಅವಶ್ಯಕವಾದ ಒಂದು ಕಿಣ್ವವನ್ನು ಅದು ತಡೆಯುತ್ತದೆ. ಆಗ ಯಕೃತ್ತು ತನ್ನ ಅಗತ್ಯಕ್ಕಾಗಿ ರಕ್ತದಲ್ಲಿರುವ ಕೊಲೆಸ್ಟರಾಲನ್ನೇ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ.

ಈ ವಿದ್ಯೆ ಬೆಂಗಳೂರಿಗೂ ಬಂದಿತು. 1978ರಲ್ಲಿ ಕಿರಣ್ ಮಜುಂದಾರ್ ಅವರು ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಪರಂಗಿಕಾಯಿಯ ಹಾಲಿನಿಂದ ಕಿಣ್ವವನ್ನು ತೆಗೆಯುವುದು ಅದರ ಮೊದಲ ಕೆಲಸಗಳಲ್ಲೊಂದು. ಕಿಣ್ವಗಳ ತಯಾರಿಕೆಯಲ್ಲಿ ಕಲಿತ ಹುದುಗಿಸುವ ವಿದ್ಯೆಯನ್ನು ಸಂಸ್ಥೆಯು ಕ್ರಮೇಣ ಔಷಧದ ಕಡೆಗೆ ತಿರುಗಿಸಿತು. 2001ರಲ್ಲಿ ಅದರ ಲೊವಾಸ್ಟಾಟಿನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ದೊರೆಯಿತು.

ಬೂಷ್ಟನ್ನು ಹೀಗೆ ದುಡಿಸುವುದು ಸುಲಭವಲ್ಲ. ಇಡ್ಲಿಯ ಹಿಟ್ಟು ಒಂದು ರಾತ್ರಿಯಲ್ಲಿ ಹುದುಗುತ್ತದೆ. ಈ ಶಿಲೀಂಧ್ರಕ್ಕೆ ಹಲವು ದಿನಗಳು ಬೇಕು. ಕ್ರಿಮಿರಹಿತವಾದ ಪೋಷಕ ದ್ರವದಲ್ಲಿ ಅಥವಾ ತೇವಗೊಳಿಸಿದ ಗೋಧಿಯ ಬೂಸಾದಂತಹ ಆಧಾರದ ಮೇಲೆ ಅದನ್ನು ಬಿತ್ತಬೇಕು. ಗಾಳಿ, ಉಷ್ಣತೆ, ಆಮ್ಲೀಯತೆಗಳು ಹದ ತಪ್ಪಬಾರದು. ಅನ್ಯ ಸೂಕ್ಷ್ಮಜೀವಿಯೊಂದು ಒಳಹೊಕ್ಕರೂ ಇಡೀ ಹದವೇ ಕೆಡಬಹುದು. ಬೆಳವಣಿಗೆ ಮುಗಿದ ಮೇಲೆ ಔಷಧಾಂಶವನ್ನು ಬೇರ್ಪಡಿಸಿ, ಶೋಧಿಸಿ, ಹರಳುಗಟ್ಟಿಸಬೇಕು.

ಇಷ್ಟಾದರೂ ಈ ಮದ್ದನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಲಾಗದು. ಮಿತವಾದ ಆಹಾರ, ವ್ಯಾಯಾಮಗಳಿಗೆ ಅದು ಬದಲಿಯೂ ಅಲ್ಲ. ಭರಣಿಯ ಬೂಷ್ಟನ್ನು ಎಸೆಯುವುದು ವಿವೇಕ. ಆದರೆ ಬೂಷ್ಟೆಂದರೆ ಕೇಡು ಮಾತ್ರ ಎಂದು ತೀರ್ಮಾನಿಸದೆ, ತಾಳ್ಮೆಯಿಂದ ಸಾವಿರಾರು ಬಾರಿ ಪರೀಕ್ಷಿಸಿ ನೋಡುವುದು ವಿಜ್ಞಾನ.