ಮೇಜಿನ ಮೇಲಿನ ಬೀಗ, ಮಾತಿನೊಳಗಿನ ಬೀಗದ ಕೈ

ಹಣ ಕೊಟ್ಟು ಬೀಗ ಹಾಕಿದ ಕೋಣೆಯೊಳಗೆ ಸೇರುವುದು, ಅಲ್ಲಿ ಅಡಗಿಸಿಟ್ಟ ಸುಳಿವುಗಳನ್ನು ಹುಡುಕಿ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಹೊರಬರುವುದು. ಇದೂ ಒಂದು ಆಟವೇ. ಕಂಪ್ಯೂಟರಿನ ಪರದೆಯ ಮೇಲಷ್ಟೇ ಇದ್ದ ಇಂಥ ಕೋಣೆಗೆ ನಿಜವಾದ ಗೋಡೆಗಳನ್ನು ಒದಗಿಸಿದವರು ಜಪಾನಿನ ತಕಾವೊ ಕಾಟೊ. ಸ್ಥಳ ಕ್ಯೋಟೋ, ವರ್ಷ 2007.

ಗೋಡೆಯೂ ಬೇಡ, ಊಟದ ಮೇಜು ಸಾಕು ಎಂದು ಆ ಕೋಣೆಯನ್ನು ಪೆಟ್ಟಿಗೆಯಲ್ಲಿ ತುಂಬಿಸಿ ಮನೆಗೆ ಕಳುಹಿಸಿದವರಲ್ಲಿ ಜರ್ಮನಿಯ ಇಂಕಾ ಮತ್ತು ಮಾರ್ಕುಸ್ ಬ್ರಾಂಡ್ ದಂಪತಿಯ ಹೆಸರು ದೊಡ್ಡದು. ಕೊಸ್ಮೋಸ್ ಪ್ರಕಾಶನವು 2016ರಲ್ಲಿ ಹೊರತಂದ ಅವರ 'ಎಕ್ಸಿಟ್' ಮಾಲೆಗೆ ಮರುವರ್ಷ ಜರ್ಮನಿಯ ಪ್ರತಿಷ್ಠಿತ 'ಕೆನ್ನರ್‌ಸ್ಪೀಲ್' ಪ್ರಶಸ್ತಿ ಬಂತು. ಪೆಟ್ಟಿಗೆಯಲ್ಲಿರುವುದು ಒಂದು ಪುಸ್ತಿಕೆ, ಒಂದಷ್ಟು ಕಾರ್ಡುಗಳು ಮತ್ತು ಅಂಕೆಗಳನ್ನು ಬರೆದ ರಟ್ಟಿನ ಚಕ್ರ. ಒಗಟು ಬಿಡಿಸಿದರೆ ಮೂರು ಅಂಕೆ ದೊರೆಯುತ್ತದೆ. ಚಕ್ರ ತಿರುಗಿಸಿದರೆ ಯಾವ ಕಾರ್ಡು ನೋಡಬೇಕೆಂದು ತಿಳಿಯುತ್ತದೆ. ಉತ್ತರ ತಪ್ಪಿದ್ದರೆ ಆ ಕಾರ್ಡೇ ಹೇಳಿಬಿಡುತ್ತದೆ.

ವಿಚಿತ್ರವೆಂದರೆ, ಆಡುತ್ತ ಆಡುತ್ತ ಪುಸ್ತಿಕೆಯನ್ನು ಮಡಚಬೇಕು, ಕತ್ತರಿಸಬೇಕು, ಹರಿಯಲೂ ಬೇಕು. ಕೊನೆಗೆ ಉಳಿಯುವುದು ಕಾಗದದ ಚೂರು. ಅಕ್ಕನ ಪಠ್ಯಪುಸ್ತಕ ತಮ್ಮನಿಗೆ ದಾಟುವ ನಮ್ಮ ಮನೆಗಳಲ್ಲಿ ಇದು ಹಿರಿಯರಿಗೆ ಸಹ್ಯವಾಗುವ ಮಾತಲ್ಲ. ಹಾಗೆಂದು ಹರಿಯದೆ ಜೋಪಾನ ಮಾಡಿದರೂ ಉತ್ತರ ಗೊತ್ತಾದವನಿಗೆ ಅದರಿಂದ ಪ್ರಯೋಜನವಿಲ್ಲ. ಅಜ್ಜಿಯ ಒಗಟಿನದೂ ಅದೇ ಪಾಡಲ್ಲವೇ? ನೆರೆಮನೆಗೆ ದಾಟಿಸುವ ಮನಸ್ಸಿದ್ದವರಿಗೆ 2017ರಲ್ಲಿ ಬಂದ 'ಅನ್‌ಲಾಕ್' ಉತ್ತಮ. ಅದರ 60 ಕಾರ್ಡುಗಳಲ್ಲಿ ಒಂದನ್ನೂ ಹರಿಯಬೇಕಾಗಿಲ್ಲ, ಆದರೆ ಮೊಬೈಲು ಬೇಕು.

ನಮ್ಮ ತೊಡಕು ಬೇರೆ. ಅಕ್ಷರಗಳ ಮೇಲೆ ಕಟ್ಟಿದ ಒಗಟನ್ನು ಬೇರೆ ಭಾಷೆಗೆ ಹಾಗೆಯೇ ಎತ್ತಿಕೊಂಡು ಹೋಗಲಾಗದು. ಜರ್ಮನ್ ಒಗಟು ಇಂಗ್ಲಿಷಿಗೆ ಬರಬೇಕಾದರೂ ಕೆಲವೊಮ್ಮೆ ಹೊಸದಾಗಿಯೇ ಹೆಣೆಯಬೇಕು. ಕಾಸರಗೋಡಿನ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಬಸ್ಸಿನ ಬೋರ್ಡನ್ನು ಮಲೆಯಾಳದಲ್ಲಿ ಓದುತ್ತಾರೆ, ಪಾಠವನ್ನು ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಕನ್ನಡ ಓದಲು ಬಾರದೆಂದಲ್ಲ, ಓದಲೇಬೇಕಾದ ಸಂದರ್ಭ ಒದಗುವುದಿಲ್ಲ. ಈ ಆಟದಲ್ಲಾದರೆ ಒಂದು ಸಾಲು ಬಿಟ್ಟು ಓದಿದವನು ಅಲ್ಲೇ ಸಿಕ್ಕಿಬೀಳುತ್ತಾನೆ. ಕನ್ನಡದ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿದರೇನು?

ಬೀಗಕ್ಕೆ ಬೇಕಾದ ವಿದ್ಯೆ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದೇ ಕಟಪಯಾದಿ. ಕ, ಟ, ಪ, ಯ ಅಕ್ಷರಗಳಿಗೆ ತಲಾ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಏರುತ್ತ ಝ, ಧ, ಳ ಅಕ್ಷರಗಳಿಗೆ 9. ಞ, ನ ಸೊನ್ನೆ. ಕಾಗುಣಿತಕ್ಕೆ ಬೆಲೆಯಿಲ್ಲ. ದೊರೆತ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಸಂಗೀತ ಕಲಿತವರಿಗೆ ಇದು ಹೊಸತಲ್ಲ: 'ಧೀರಶಂಕರಾಭರಣ'ದ ಧ 9, ರ 2, ತಿರುಗಿಸಿದರೆ 29ನೆಯ ಮೇಳಕರ್ತ. ಕೇರಳದ ಜ್ಯೋತಿಷಿಗಳು ಗಣಿತದ ಕೋಷ್ಟಕಗಳನ್ನೇ ಹೀಗೆ ಮಾತಿನಲ್ಲಿ ಅಡಗಿಸಿಟ್ಟರು. ಮೇಲ್ಪತ್ತೂರು ನಾರಾಯಣ ಭಟ್ಟತಿರಿ 'ನಾರಾಯಣೀಯಂ' ಮುಗಿಸಿದ ದಿನವೂ ಅದರ ಕೊನೆಯ ಶ್ಲೋಕದೊಳಗೆ ಹೀಗೆಯೇ ಕುಳಿತಿದೆ.

ಇನ್ನು ಬೀಗ. ಗಲ್ಫಿನಿಂದ ಬಂದ ಸೂಟ್‌ಕೇಸು ನಮ್ಮ ಎಷ್ಟು ಅಟ್ಟಗಳಲ್ಲಿ ಧೂಳು ತಿನ್ನುತ್ತಿಲ್ಲ! ಅದರ ಮೂರಂಕೆಯ ಬೀಗವನ್ನು 346ಕ್ಕೆ ನಿಲ್ಲಿಸಿ. ಉತ್ತರ 'ಚಾವಡಿ': ಚ 6, ವ 4, ಡ 3. ಆ ಪದ ಹೊಳೆಯುವಂಥ ಒಂದು ಒಗಟನ್ನು ಚೀಟಿಯಲ್ಲಿ ಬರೆಯಿರಿ. ಅಕ್ಷರ-ಅಂಕೆಗಳ ಪಟ್ಟಿಯನ್ನು ಬೇರೆಡೆ, ಅಕ್ಕಿಡಬ್ಬದ ಮುಚ್ಚಳದ ಒಳಬದಿಗೆ ಅಂಟಿಸಿ. ಪಟ್ಟಿಯಲ್ಲಿ 1, 2, 3ರ ಬದಲು ೧, ೨, ೩ ಎಂದು ಬರೆದರೆ ಇನ್ನೊಂದು ಬೀಗ ಹಾಕಿದಂತೆ. ಇಂದಿನ ಹಲವು ಮಕ್ಕಳಿಗೆ ಕನ್ನಡದ ಅಂಕೆಯೇ ಗೂಢಲಿಪಿ. ಆಗ ಅಜ್ಜನ ಬಳಿ ಓಡದೆ ನಿರ್ವಾಹವಿಲ್ಲ.

ಜರ್ಮನರಿಂದ ಕಲಿಯಬೇಕಾದ್ದು ಸುಳಿವು ಕೊಡುವ ರೀತಿ. 'ಎಕ್ಸಿಟ್'ನಲ್ಲಿ ಪ್ರತಿ ಒಗಟಿಗೂ ಮೂರು ಸಹಾಯದ ಕಾರ್ಡುಗಳಿವೆ: ಮೊದಲನೆಯದು ದಾರಿ ತೋರಿಸುತ್ತದೆ, ಎರಡನೆಯದು ಕೈಹಿಡಿದು ನಡೆಸುತ್ತದೆ, ಮೂರನೆಯದು ಉತ್ತರವನ್ನೇ ಹೇಳುತ್ತದೆ. ನೀವೂ ಮೊದಲೇ ಬರೆದಿಡಿ. ಆಟದ ಮಧ್ಯೆ ಮಗು ಮುಖ ಸಪ್ಪಗೆ ಮಾಡಿದರೆ ಹಿರಿಯರ ಬಾಯಿಂದ ಉತ್ತರ ತಾನಾಗಿ ಜಾರುವುದುಂಟು.

ಮತ್ತೊಂದು ಎಚ್ಚರಿಕೆ. ಮೂರಂಕೆಯ ಬೀಗದಲ್ಲಿ ಸಾಧ್ಯವಿರುವುದು 1000 ಸಂಖ್ಯೆಗಳು ಮಾತ್ರ. ಹಟಮಾರಿ ಹುಡುಗನೊಬ್ಬ ಎರಡು ಸೆಕೆಂಡಿಗೊಂದರಂತೆ ತಿರುಗಿಸುತ್ತ ಕುಳಿತರೆ ಏನನ್ನೂ ಓದದೆ 33 ನಿಮಿಷಗಳಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾನೆ. ಆದ್ದರಿಂದ ಆಟದ ಅವಧಿ ಇಪ್ಪತ್ತು ನಿಮಿಷ ಮೀರದಿರಲಿ.