ಹಾಡು ಒಬ್ಬನದು, ಹೆಸರು ಇನ್ನೊಬ್ಬನದು

ಗುಣವಿದ್ದಲ್ಲಿ ಕೀರ್ತಿ ತಾನಾಗಿ ಬರುವುದೆಂಬ ಮಾತು ಎಲ್ಲರ ಬಾಳಿನಲ್ಲಿಯೂ ನಿಜವಾಗುವುದಿಲ್ಲ. ಅಮೆರಿಕದ ಗಾಯಕ ಚಾರ್ಲಿ ಫೆದರ್ಸನ ಜೀವನವೇ ಇದಕ್ಕೆ ನಿದರ್ಶನ.

1932ರಲ್ಲಿ ಮಿಸಿಸಿಪಿಯ ಹಾಲಿ ಸ್ಪ್ರಿಂಗ್ಸ್ ಊರಿನ ಬಳಿ ಹುಟ್ಟಿದ ಈತನ ಶಾಲಾವಿದ್ಯೆ ಬಾಲ್ಯದಲ್ಲಿಯೇ ನಿಂತಿತು. ಗಿಟಾರ್ ವಾದನ ಮಾತ್ರ ಕಪ್ಪು ಜನಾಂಗದ ಬ್ಲೂಸ್ ಗಾಯಕ ಜೂನಿಯರ್ ಕಿಂಬ್ರೊನ ಒಡನಾಟದಲ್ಲಿ ಒಲಿದು ಬಂದಿತು. ವರ್ಣಭೇದವು ಕಾನೂನೇ ಆಗಿದ್ದ ನಾಡಿನಲ್ಲಿ ನಾದಕ್ಕೆ ಆ ಗೋಡೆ ಅಡ್ಡಬರಲಿಲ್ಲ. ಬಿಳಿಯರ ಹಳ್ಳಿಹಾಡು, ಕರಿಯರ ಬ್ಲೂಸ್, ಇವೆರಡರ ಬೆಸುಗೆಯೇ ರಾಕಬಿಲಿ.

ಮೆಂಫಿಸ್ ನಗರದ ಸನ್ ರೆಕಾರ್ಡ್ಸ್ ಸಂಸ್ಥೆಯನ್ನು ಫೆದರ್ಸ್ ಸೇರಿದನು. ಸ್ಟ್ಯಾನ್ ಕೆಸ್ಲರ್‌ನೊಡನೆ ಈತನ ಹೆಸರನ್ನೂ ಹೊತ್ತ 'ಐ ಫರ್ಗಾಟ್ ಟು ರಿಮೆಂಬರ್ ಟು ಫರ್ಗೆಟ್' ಗೀತೆಯನ್ನು 1955ರಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದನು; ಅದು ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಗೀತೆಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿತು. ಪ್ರೆಸ್ಲಿಯ ಕೀರ್ತಿ ಜಗತ್ತನ್ನೆಲ್ಲ ವ್ಯಾಪಿಸಿತು. ಫೆದರ್ಸನ ಹೆಸರು ತಟ್ಟೆಯ ಮೇಲಣ ಸಣ್ಣ ಅಕ್ಷರಗಳಲ್ಲಿ ಉಳಿಯಿತು.

ಸನ್ ಸಂಸ್ಥೆಯ ಒಡೆಯ ಸ್ಯಾಮ್ ಫಿಲಿಪ್ಸ್ ಈತನಲ್ಲಿ ಕಂಡದ್ದು ಹಳ್ಳಿಹಾಡಿನ ಗಾಯಕನನ್ನು. 1956ರಲ್ಲಿ ಕಿಂಗ್ ಸಂಸ್ಥೆಗಾಗಿ ಹಾಡಿದ 'ಒನ್ ಹ್ಯಾಂಡ್ ಲೂಸ್' ಈತನ ನಿಜವಾದ ಶಕ್ತಿಯನ್ನು ತೋರಿತು. ಬಿಕ್ಕುತ್ತ, ತಡವರಿಸುತ್ತ, ಒಮ್ಮೆಲೇ ಮೇಲಕ್ಕೆ ಚಿಮ್ಮುವ ಆ ಕಂಠದಲ್ಲಿ ಪದಕ್ಕಿಂತ ಉಸಿರೇ ಹೆಚ್ಚು ಮಾತನಾಡುತ್ತದೆ. ಆದರೂ ಮಾರುಕಟ್ಟೆ ಒಲಿಯಲಿಲ್ಲ.

ಮನ್ನಣೆ ತಡವಾಗಿ, ಕಡಲಾಚೆಯಿಂದ ಬಂದಿತು. 1977ರಲ್ಲಿ ಲಂಡನ್ನಿನ ರೇನ್‌ಬೋ ರಂಗಮಂದಿರದ ರಸಿಕರು ಆತನನ್ನು ಕೇಳಿದರು. 1991ರಲ್ಲಿ ಎಲೆಕ್ಟ್ರಾ ಸಂಸ್ಥೆ ಆತನ ಗೀತಸಂಪುಟವನ್ನು ಹೊರತಂದಿತು. 1998ರಲ್ಲಿ ಆತನು ತೀರಿಕೊಂಡನು. 2003 ಮತ್ತು 2004ರಲ್ಲಿ ತೆರೆಕಂಡ 'ಕಿಲ್ ಬಿಲ್' ಚಿತ್ರದ ಎರಡು ಭಾಗಗಳು ಆ ದನಿಯನ್ನು ಹೊಸ ತಲೆಮಾರಿಗೆ ಮುಟ್ಟಿಸಿದವು.

ಗೆದ್ದವರ ಚರಿತ್ರೆಯಷ್ಟನ್ನೇ ಓದಿದರೆ ಕಲೆಯ ಚರಿತ್ರೆ ಅರ್ಧವಾಗಿಯೇ ಉಳಿಯುತ್ತದೆ. ಸಹೃದಯರು ತಟ್ಟೆಯ ಮೇಲಣ ಸಣ್ಣ ಅಕ್ಷರಗಳನ್ನೂ ಓದಬೇಕು.